ಪೀಠಿಕೆಯ ಪರವಾಗಿ

ಜಯನಗರದ ಒಂದು ಶಾಲೆಯಲ್ಲಿ ನಡೆದ ಅಂತರಶಾಲಾ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಪ್ರೌಢಶಾಲೆಯ ಮಕ್ಕಳು, ಹದಿನಾಲ್ಕು ಜನ, ಒಬ್ಬೊಬ್ಬರಿಗೆ ಐದು ನಿಮಿಷ. ವಿಷಯ ನಗರದ ಸ್ವಚ್ಛತೆ. ಕೈಗಿತ್ತ ಅಂಕಪಟ್ಟಿಯ ಮೊದಲ ಕಾಲಂನಲ್ಲಿ ‘ಆಕರ್ಷಕ ಆರಂಭ’ ಎಂದಿತ್ತು. ಅದಕ್ಕೆ ಹತ್ತು ಅಂಕ. ಆರು ಮಕ್ಕಳು ಸಭೆಗೆ ಪ್ರಶ್ನೆ ಎಸೆದು ಶುರುಮಾಡಿದರು: ನಿಮ್ಮಲ್ಲಿ ಎಷ್ಟು ಜನ ಇವತ್ತು ಬೆಳಗ್ಗೆ ಕಸ ಬೇರ್ಪಡಿಸಿದ್ದೀರಿ, ಕೈ ಎತ್ತಿ. ಮೂವರು ಕಗ್ಗದ ಪದ್ಯ ಹೇಳಿದರು. ಇಬ್ಬರು ಕಣ್ಣು ಮುಚ್ಚಿ ಊಹಿಸಿಕೊಳ್ಳಿ ಎಂದರು. ಒಬ್ಬ ಚಿಪ್ಸ್ ಪೊಟ್ಟಣ ಹರಿದು ವೇದಿಕೆಯ ಮೇಲೆಯೇ ಎಸೆದ. ಇನ್ನೊಬ್ಬನಿಗೆ ಉರುಹೊಡೆದ ಮೊದಲ ವಾಕ್ಯವೇ ಮರೆತುಹೋಗಿ, ಅದರ ಹಿಂದಿದ್ದ ಐದು ನಿಮಿಷವೂ ಅದರ ಜೊತೆಗೇ ಹೋಯಿತು. ಉಳಿದವಳು ಒಬ್ಬ ಹುಡುಗಿ. ಅವಳು ಯಾವ ಹುಕ್ಕನ್ನೂ ಹಾಕಲಿಲ್ಲ. ಸಭೆಯಲ್ಲಿದ್ದವರಿಗೆಲ್ಲ ಸಾವಧಾನವಾಗಿ ನಮಸ್ಕಾರ ಹೇಳುತ್ತಾ ಅರ್ಧ ನಿಮಿಷ ಕಳೆದಳು. ಪ್ರಶ್ನೆ ಕೇಳಿದವರಿಗೆ ಎಂಟು, ಪೊಟ್ಟಣ ಎಸೆದವನಿಗೆ ಒಂಬತ್ತು ಬರೆದ ನಾನು ಅವಳಿಗೆ ನಾಲ್ಕು ಬರೆದೆ. ಆ ನಾಲ್ಕು ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಬರಹ ಹುಟ್ಟಿದ್ದು ಅದರಿಂದ.

ಭಾಷಣದ ಆರಂಭದ ಬಗ್ಗೆ ಈಗ ಚಾಲ್ತಿಯಲ್ಲಿರುವ ತಿಳಿವಳಿಕೆ ಓದುಗರಿಗೆ ಗೊತ್ತಿರುವಂಥದ್ದೇ. ಮೊದಲ ಮೂವತ್ತು ಸೆಕೆಂಡಿನಲ್ಲಿ ಸಭೆಯನ್ನು ಹಿಡಿಯಬೇಕು, ಹಿಡಿಯದಿದ್ದರೆ ಕೈತಪ್ಪಿತು. ಕಥೆ, ಪ್ರಶ್ನೆ, ಬೆಚ್ಚಿಬೀಳಿಸುವ ಅಂಕಿ, ಯಾರಾದರೂ ದೊಡ್ಡವರ ಮಾತು, ಇವುಗಳಲ್ಲಿ ಒಂದನ್ನು ಗಾಳಕ್ಕೆ ಸಿಕ್ಕಿಸಬೇಕು. ಧನ್ಯವಾದದಿಂದ ಶುರುಮಾಡಬಾರದು, ಸಂಬೋಧನೆಗೆ ಸಮಯ ಕೊಡಬಾರದು, ಪೀಠಿಕೆಯಂತೂ ಕೂಡದೇ ಕೂಡದು. ಬಿ.ಟಿ.ಎಂ. ಬಡಾವಣೆಯಿಂದ ಬನಶಂಕರಿಯವರೆಗೆ ವಾರಾಂತ್ಯದ ಭಾಷಣ ತರಗತಿಗಳಲ್ಲಿ ಹೇಳಿಕೊಡುವ ಮೊದಲ ಪಾಠ ಇದು. ಒಂದೆರಡು ಕಡೆ ಹಿಂದಿನ ಬೆಂಚಿನಲ್ಲಿ ಕೂತು ನಾನೂ ಕೇಳಿದ್ದೇನೆ.

ಆ ತರಗತಿಗಳ ಬಗ್ಗೆ ನನಗೆ ಗೌರವವಿದೆ, ಅದನ್ನು ಮೊದಲೇ ಹೇಳಿಬಿಡಬೇಕು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ ಟೋಸ್ಟ್‌ಮಾಸ್ಟರ್ಸ್ ಕೂಟದ ಮಾದರಿ ಇವತ್ತು ನಮ್ಮ ಬಡಾವಣೆಗಳಿಗೂ ಬಂದಿದೆ. ಅದು ಮೈಕು ಹಿಡಿಸಿದ್ದು ಕನ್ನಡದ ಸಭೆಗಳು ಎಂದೂ ವೇದಿಕೆಗೆ ಕರೆಯದ ಜನರ ಕೈಗೆ. ಟೀಮ್ ಮೀಟಿಂಗಿನಲ್ಲಿ ಬಾಯಿಬಿಡಲು ಹೆದರುತ್ತಿದ್ದ ಹುಡುಗಿಯೊಬ್ಬಳು ಆರು ತಿಂಗಳಲ್ಲಿ ಐವತ್ತು ಜನರ ಮುಂದೆ ಏಳು ನಿಮಿಷ ನಿಂತು ಮಾತಾಡಿದ್ದನ್ನು ನೋಡಿದ್ದೇನೆ. ಐದರಿಂದ ಏಳು ನಿಮಿಷ, ಹಸಿರು, ಹಳದಿ, ಕೆಂಪು ದೀಪ: ಆ ಶಿಸ್ತಿಗೆ ಅದರದೇ ಬೆಲೆಯಿದೆ. ನನ್ನ ಜಗಳ ಇರುವುದು ಆ ಏಳು ನಿಮಿಷದ ಚೌಕಟ್ಟಿಗೆ ಹೊಂದಿದ ಒಂದು ಉಪಾಯವನ್ನು ಎಲ್ಲ ಭಾಷಣಗಳ ಧರ್ಮವೆಂದು ನಂಬುವವರೊಂದಿಗೆ. ಆ ನಂಬಿಕೆ ಈಗ ಕನ್ನಡ ಶಾಲೆಯ ಅಂಕಪಟ್ಟಿಗೂ ಇಳಿದಿದೆ.

ಈ ನಂಬಿಕೆಯ ಬುಡದಲ್ಲಿ ಒಂದು ಊಹೆ ಇದೆ. ಭಾಷಣಕಾರ ಎದ್ದು ನಿಂತಾಗ ಸಭೆ ಬೇರೆಲ್ಲೋ ಇರುತ್ತದೆ, ಅದನ್ನು ಎಳೆದು ತರಬೇಕು ಎಂಬುದು. ಒಂದು ಸಭೆಯಲ್ಲಿ ಕೂತು ಗಮನಿಸಿ ನೋಡಿ. ಹೊಸಬರೊಬ್ಬರು ಮೈಕಿನ ಮುಂದೆ ಬಂದ ಕ್ಷಣದಲ್ಲೇ ಸಭೆ ಎಲ್ಲಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ. ದನಿ ಹೇಗಿದೆ, ಯಾವ ಊರಿನ ಕನ್ನಡ, ಕೈಯಲ್ಲಿ ಚೀಟಿ ಇದೆಯೇ, ಎಷ್ಟು ಹೊತ್ತು ತೆಗೆದುಕೊಳ್ಳಬಹುದು ಎಂದು ಎಲ್ಲರೂ ನೋಡುತ್ತಿರುತ್ತಾರೆ. ಆ ಗಮನ ಭಾಷಣಕಾರ ಗಳಿಸಿದ್ದಲ್ಲ, ಸಭೆ ಮುಂಗಡವಾಗಿ ಕೊಟ್ಟ ಸಾಲ. ಅರಿಸ್ಟಾಟಲ್ ತನ್ನ ‘ರೆಟರಿಕ್’ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಹೇಳಿದ್ದಾನೆ. ಎಲ್ಲರೂ ಕಿವಿಗೊಟ್ಟಿರುವ ಆರಂಭದಲ್ಲಿ ಗಮನ ಬೇಡುವುದು ಅಸಂಬದ್ಧ, ಗಮನ ಸಡಿಲುವುದು ಮುಂದೆ, ಬೇಡುವುದಿದ್ದರೆ ಅಲ್ಲಿ ಬೇಡಬೇಕು ಎಂಬುದು ಅವನ ವಾದದ ತಿರುಳು. ಆರಂಭದ ಮುಖ್ಯ ಕೆಲಸ ಮಾತು ಯಾವುದಕ್ಕಾಗಿ ಹೊರಟಿದೆ ಎಂಬುದನ್ನು ತಿಳಿಯಪಡಿಸುವುದು ಎಂದೂ ಅವನು ಅಲ್ಲೇ ಹೇಳುತ್ತಾನೆ. ಪಾಶ್ಚಾತ್ಯ ಭಾಷಣ ಕಲೆಯ ಹೆಸರಿನಲ್ಲಿ ನಮಗೆ ಕಲಿಸುತ್ತಿರುವ ಪಾಠವನ್ನು ಆ ಪರಂಪರೆಯ ಮೂಲಪುರುಷನೇ ಒಪ್ಪುತ್ತಿರಲಿಲ್ಲ.

ಇದಕ್ಕೆ ತರಗತಿಗಳು ಕೊಡುವ ಉತ್ತರ ಗೋಲ್ಡ್‌ಫಿಷ್. ಆ ಮೀನಿನ ಏಕಾಗ್ರತೆ ಒಂಬತ್ತು ಸೆಕೆಂಡು, ಈಗಿನ ಮನುಷ್ಯನದು ಎಂಟೇ ಸೆಕೆಂಡು ಎಂಬ ಸ್ಲೈಡು ಎಲ್ಲ ಕಡೆ ಓಡಾಡುತ್ತದೆ. ಮೈಕ್ರೋಸಾಫ್ಟ್‌ನ ಕೆನಡಾ ಶಾಖೆ 2015ರಲ್ಲಿ ಹೊರತಂದ ವರದಿಯೊಂದರಿಂದ ಇದು ಜಗತ್ತಿಗೆಲ್ಲ ಹರಡಿತು. ಅಲ್ಲಿ ಆ ಅಂಕಿ ಬಂದದ್ದು ಬೇರೊಂದು ಅಂಕಿಸಂಗ್ರಹದ ತಾಣದಿಂದ. ಅದರ ಹಿಂದೆ ಹೋದವರಿಗೆ ಯಾವ ಪ್ರಯೋಗವೂ ಸಿಗಲಿಲ್ಲ. ಕೇಳುವವರನ್ನು ಬೆಚ್ಚಿಬೀಳಿಸುವ ಆರಂಭ ಬೇಕು ಎಂದು ಸಾಧಿಸಲು ಬಳಸುವ ಅಂಕಿಯೇ ಪರೀಕ್ಷೆಗೆ ನಿಲ್ಲದ ಬೆಚ್ಚಿಬೀಳಿಸುವ ಆರಂಭವಾಗಿದೆ. ಇದನ್ನು ಆಕಸ್ಮಿಕವೆಂದು ಬಿಡಲಾರೆ. ಹುಕ್ಕಿನ ಸ್ವಭಾವವೇ ಹಾಗೆ: ಅದು ನಿಜವೇ ಎಂದು ಕೇಳುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ.

ಎದುರು ಪಕ್ಷದ ಬಲವಾದ ಸಾಕ್ಷಿ ಇರುವುದು ಬೇರೆ ಕಡೆ. ಅದು ನಮ್ಮ ಕನ್ನಡ ಸಭೆಯೇ. ಐದೂವರೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಕಾರ್ಯಕ್ರಮ ಆರೂಕಾಲಿಗೆ ಶುರು. ಪ್ರಾರ್ಥನೆ, ನಾಡಗೀತೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಒಬ್ಬೊಬ್ಬ ಗಣ್ಯರೂ ಎದ್ದು, ವೇದಿಕೆಯ ಮೇಲೆ ಆಸೀನರಾದ ಎಲ್ಲರ ಹೆಸರನ್ನೂ ಬಿರುದು ಸಮೇತ ಮತ್ತೆ ಮತ್ತೆ ಓದುತ್ತಾರೆ. ಏಳು ಜನರ ವೇದಿಕೆಯಲ್ಲಿ ಆ ಪಟ್ಟಿ ಏಳು ಸಲ ಬರುತ್ತದೆ. ರಾಜ್ಯ ಸರ್ಕಾರ 2022ರಲ್ಲಿ ನಾಡಗೀತೆಯನ್ನು ಎರಡೂವರೆ ನಿಮಿಷಕ್ಕೆ ಗೊತ್ತುಮಾಡಿತು. ಕುವೆಂಪು ಅವರ ಸಾಲುಗಳಿಗೇ ಕಾಲಮಿತಿ ಬಂದ ಮೇಲೂ ಸ್ವಾಗತ ಭಾಷಣಕ್ಕೆ ಬರಲಿಲ್ಲ. ಈ ಹಿಂಸೆ ನಿಜ. ಇದರಿಂದ ಬೇಸತ್ತ ತರುಣರು ಸಂಬೋಧನೆಯನ್ನೇ ಕಿತ್ತೆಸೆಯಿರಿ ಎಂದರೆ ಅವರನ್ನು ದೂರಲಾರೆ.

ಆದರೆ ರೋಗ ಎಲ್ಲಿದೆ ಎಂದು ನೋಡಬೇಕು. ಆರನೆಯವರಾಗಿ ಮೈಕಿನ ಮುಂದೆ ಬರುವ ಹೊತ್ತಿಗೆ ಸಭೆ ಕೊಟ್ಟಿದ್ದ ಸಾಲವನ್ನೆಲ್ಲ ಮೊದಲ ಐವರು ಖರ್ಚುಮಾಡಿರುತ್ತಾರೆ. ಆಗ ಹುಕ್ ಬೇಕೆನಿಸುತ್ತದೆ, ನಿಜ. ಆದರೆ ಅದು ಕಾರ್ಯಕ್ರಮ ರೂಪಿಸಿದವರ ತಪ್ಪಿಗೆ ಭಾಷಣಕಾರ ತೆರುವ ದಂಡ. ಆರಂಭದ ಕಲೆಯ ಲಕ್ಷಣವೆಂದು ಅದನ್ನು ಕಲಿಸಿದರೆ ಜ್ವರಕ್ಕೆ ಕೊಡುವ ಗಂಜಿಯನ್ನು ಹಬ್ಬದೂಟವೆಂದು ಬಡಿಸಿದ ಹಾಗೆ.

ಇದಕ್ಕೆ ದಕ್ಷಿಣ ಬೆಂಗಳೂರಿನಲ್ಲೇ ಪ್ರಮಾಣವಿದೆ. ಜೆ.ಪಿ. ನಗರ ಎರಡನೆಯ ಹಂತದ ರಂಗಶಂಕರದಲ್ಲಿ, 2004ರಲ್ಲಿ ಬಾಗಿಲು ತೆರೆದಂದಿನಿಂದ, ಏಳೂವರೆ ಎಂದರೆ ಏಳೂವರೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಎಷ್ಟೇ ದೊಡ್ಡವರಾದರೂ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಸಿಕ್ಕಿಬಿದ್ದು ಬಂದವರು ಓಡುತ್ತಾ ಮೆಟ್ಟಿಲು ಹತ್ತುವುದನ್ನು ನೋಡಬೇಕು. ದೀಪ ಆರಿದ ಆ ಕತ್ತಲಲ್ಲಿ ಸಭಾಂಗಣದಲ್ಲಿ ಹಬ್ಬುವ ಮೌನವನ್ನು ಯಾವ ನಟನೂ ಮೊದಲ ಮಾತಿನಿಂದ ಗಳಿಸಿದ್ದಲ್ಲ. ಅದನ್ನು ಸಂಪಾದಿಸಿದ್ದು ಆ ಬಾಗಿಲು. ಹಾಗೆಯೇ ಡಾ. ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ. ವಾರವಾರವೂ ಒಂದು ಉಪನ್ಯಾಸ, ದಶಕಗಳ ಕಾಲ. ಸಮಯಕ್ಕೆ ಸರಿಯಾಗಿ ಶುರುವಾಗುವುದು ಎಚ್ಚೆನ್ ಅವರಿಗೆ ವ್ರತದಂತಿತ್ತು. ಅಲ್ಲಿ ಬಂದು ಮಾತಾಡಿದ ವಿಜ್ಞಾನಿಗಳು ಸಭೆಯನ್ನು ಸೆಳೆಯಲು ಚಮತ್ಕಾರ ಮಾಡಬೇಕಾಗಿರಲಿಲ್ಲ. ಕೇಳುವುದಕ್ಕೆಂದೇ ಬಂದು ಕೂತ ಸಭೆ ಅವರಿಗೆ ಸಿದ್ಧವಾಗಿ ಸಿಗುತ್ತಿತ್ತು.

ನಮ್ಮ ಕಡೆಯ ಕೇಳುಗರಿಗೆ ತಾಳ್ಮೆಯಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಕಚೇರಿಗಳಲ್ಲಿ ಜಯನಗರ, ಬಸವನಗುಡಿಗಳ ಕಿವಿ ಪಳಗಿದೆ. ಅಲ್ಲಿ ಗಾಯಕರು ಬಂದು ಕೂತು ಮೊದಲು ತಂಬೂರಿ ಕೂಡಿಸುತ್ತಾರೆ, ಮೃದಂಗದವರು ಕಲ್ಲು ತಟ್ಟಿ ಶ್ರುತಿ ಹೊಂದಿಸುತ್ತಾರೆ. ಆಮೇಲೆ ಒಂದು ವರ್ಣ. ಕಚೇರಿಯ ಶಿಖರ ವರ್ಣದಲ್ಲಿ ಬರಬೇಕೆಂದು ಯಾರೂ ಬಯಸುವುದಿಲ್ಲ. ಗಾಯಕರ ಗಂಟಲು, ಪಕ್ಕವಾದ್ಯದವರ ಕೈ, ಕೇಳುಗರ ಕಿವಿ ಮೂರೂ ಒಂದು ಶ್ರುತಿಗೆ ಬರಲಿ ಎಂದು ಆ ಹತ್ತು ನಿಮಿಷ. ಅಷ್ಟರಿಂದಲೇ ಆಮೇಲಿನ ತೋಡಿಯೋ ಕಾಂಭೋಜಿಯೋ ಕಿವಿಗೆ ಇಳಿಯುತ್ತದೆ. ಅದೇ ಜನ ಮರುದಿನ ಉಪನ್ಯಾಸ ಕೇಳಲು ಬಂದಾಗ ಎಂಟು ಸೆಕೆಂಡಿನ ಮೀನುಗಳಾಗಿಬಿಡುತ್ತಾರೆಯೇ?

ಕನ್ನಡದಲ್ಲಿ ಆರಂಭದ ಕಲೆಯನ್ನು ಅತ್ಯಂತ ಗಂಭೀರವಾಗಿ ಯೋಚಿಸಿರುವುದು, ನನ್ನ ಮಟ್ಟಿಗೆ, ತಾಳಮದ್ದಳೆ. ಕರಾವಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರ ನೆಂಟಸ್ತಿಕೆಯಿಂದ ನಾನು ಅದನ್ನು ಕೇಳತೊಡಗಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಶಲ್ಯ ಹೊದ್ದು ಕೂತ ಅರ್ಥಧಾರಿ ಮಾತು ತೆಗೆಯುತ್ತಾರೆ. ಪ್ರಸಂಗದ ಮುಖ್ಯ ಪಾತ್ರ ಮೊದಲ ಬಾರಿಗೆ ಆಡುವ ಆ ದೀರ್ಘ ಮಾತಿಗೆ ಅಲ್ಲಿನ ಹೆಸರು ಪೀಠಿಕೆ. ನಮ್ಮ ಮನೆಗಳಲ್ಲಿ ‘ಪೀಠಿಕೆ ಸಾಕು, ವಿಷಯಕ್ಕೆ ಬಾ’ ಎಂದು ಗದರುವ ಅದೇ ಶಬ್ದ. ತಾಳಮದ್ದಳೆಯಲ್ಲಿ ಅದು ಬೈಗುಳವಾಗಿ ಉಳಿದಿಲ್ಲ, ಅರ್ಥಧಾರಿಯ ಯೋಗ್ಯತೆಯನ್ನು ಅಳೆಯುವ ಕೋಲಾಗಿದೆ. ಅದು ಅರ್ಧ ಗಂಟೆ ಹಿಡಿದರೂ ಅಚ್ಚರಿಯಿಲ್ಲ.

ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ? ಸೇನಾಪತ್ಯ ಪಡೆದ ಕರ್ಣ ಎದ್ದು ನಿಂತಿದ್ದಾನೆ ಎನ್ನಿ. ಕಥೆ ಎಲ್ಲರಿಗೂ ಗೊತ್ತು, ಸಾಯುವವನೆಂದೂ ಗೊತ್ತು. ಬೆಚ್ಚಿಬೀಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಅರ್ಥಧಾರಿ ತನ್ನ ಕರ್ಣ ಯಾರು ಎಂಬುದನ್ನು ಮಾತ್ರ ಸ್ಥಾಪಿಸುತ್ತಾನೆ. ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನ ಜೊತೆಗೇ ಉಳಿದದ್ದು ಋಣವೋ, ಸ್ನೇಹವೋ, ಛಲವೋ? ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಇಡೀ ರಾತ್ರಿಯ ವಾದ ಅದರ ಮೇಲೆ ನಿಲ್ಲಬೇಕು. ಋಣವೆಂದು ಹೇಳಿಬಿಟ್ಟರೆ, ಆಮೇಲೆ ಶಲ್ಯನ ಪಾತ್ರದವರು ಸ್ನೇಹದ ಮಾತೆತ್ತಿದಾಗ ಹಿಂದಕ್ಕೆ ಸರಿಯುವಂತಿಲ್ಲ. ಎದುರು ಕೂತವರು ಪೀಠಿಕೆಯ ಎಳೆಯನ್ನೇ ಹಿಡಿದು ಎಳೆಯುತ್ತಾರೆ. ಪಾತ್ರವಾಗಿ ಅವರು ಆ ಮಾತನ್ನು ಕೇಳಿರಲಿಕ್ಕಿಲ್ಲ, ಅರ್ಥಧಾರಿಯಾಗಿ ಕೇಳಿದ್ದಾರೆ, ಸಭೆಯೂ ಕೇಳಿದೆ. ಕಾಸರಗೋಡಿನ ಸೀಮೆಯಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತೀರಿಕೊಂಡು ಇಷ್ಟು ವರ್ಷವಾದರೂ ಅವರ ವಾಲಿ, ರಾವಣರ ಧ್ವನಿಮುದ್ರಣಗಳನ್ನು ಜನ ಹುಡುಕಿ ಕೇಳುವುದು ಆ ಬಿಗಿಗಾಗಿ. ಕಟ್ಟಿದ ಪೀಠದ ಮೇಲೇ ಕೊನೆಯವರೆಗೂ ನಿಲ್ಲುವ ಧೈರ್ಯ ಅವರ ತರ್ಕದಲ್ಲಿದೆ.

ಹುಕ್ಕಿಗೂ ಪೀಠಿಕೆಗೂ ಇರುವ ಅಂತರ ನನಗೆ ಕಾಣುವುದು ಇಲ್ಲಿ. ಪೀಠಿಕೆ ಮಾತಾಡುವವನನ್ನು ಕಟ್ಟಿಹಾಕುತ್ತದೆ. ಹುಕ್ ಕೇಳುವವನನ್ನು ಕಟ್ಟಿಹಾಕಲು ನೋಡುತ್ತದೆ. ಚಿಪ್ಸ್ ಪೊಟ್ಟಣ ಎಸೆದ ಹುಡುಗ ಎರಡನೆಯ ನಿಮಿಷದಿಂದ ಕೊನೆಯವರೆಗೆ ಆ ಪೊಟ್ಟಣದ ಸುದ್ದಿಯನ್ನೇ ಎತ್ತಲಿಲ್ಲ. ಅದು ವೇದಿಕೆಯ ಮೇಲೆ ಬಿದ್ದೇ ಇತ್ತು. ಮುಂದಿನ ಸ್ಪರ್ಧಿ ಅದನ್ನು ದಾಟಿಕೊಂಡು ಬಂದಳು. ಸ್ವಚ್ಛತೆಯ ಮೇಲಿನ ಭಾಷಣ ಅದು. ಒಂಬತ್ತು ಅಂಕ ಕೊಟ್ಟವನು ನಾನು.

ತಾಳಮದ್ದಳೆಯವರೇ ಇದಕ್ಕೆ ಆಕ್ಷೇಪ ತೆಗೆಯಬಹುದು. ಪೀಠಿಕೆ ಬೆಳೆದು ಬೆಳೆದು ಪ್ರಸಂಗವನ್ನೇ ನುಂಗಿದ ರಾತ್ರಿಗಳಿವೆ, ಅದಕ್ಕೇ ಕಾಲಮಿತಿ ಬಂತು ಎನ್ನಬಹುದು. ಒಪ್ಪುತ್ತೇನೆ. ಪಾಂಡಿತ್ಯ ತೋರಿಸಲು ಪುರಾಣದ ಮೇಲೆ ಪುರಾಣ ಪೇರಿಸಿದ ಪೀಠಿಕೆಗಳನ್ನು ನಾನೂ ಕೇಳಿ ದಣಿದಿದ್ದೇನೆ. ಆದರೆ ಅವು ಸೋತದ್ದು ನಿಧಾನದಿಂದಲ್ಲ. ಹೇಳಿದ್ದರಲ್ಲಿ ಮುಂದಿನ ವಾದಕ್ಕೆ ಬೇಕಾದದ್ದು ಏನೂ ಇರಲಿಲ್ಲ. ಆ ಅರ್ಥದಲ್ಲಿ ಅವೂ ಹುಕ್ಕುಗಳೇ, ಅರ್ಧ ಗಂಟೆಯ ಹುಕ್ಕುಗಳು. ಐದು ನಿಮಿಷದ ಭಾಷಣಕ್ಕೆ ಅರ್ಧ ಗಂಟೆಯ ಪೀಠಿಕೆ ಬೇಕೆಂದು ನಾನು ಹೇಳುತ್ತಿಲ್ಲ. ಐದು ನಿಮಿಷಕ್ಕೆ ಅರ್ಧ ನಿಮಿಷದ ಪೀಠಿಕೆ ಸಾಕು. ಆದರೆ ಅದು ಪೀಠಿಕೆಯಾಗಿರಬೇಕು.

ಸಂಬೋಧನೆಗೆ ಬರುತ್ತೇನೆ, ಏಕೆಂದರೆ ಅದರ ಮೇಲಿನ ತಿರಸ್ಕಾರವೇ ಎಲ್ಲಕ್ಕಿಂತ ಜೋರಾಗಿದೆ. ಭಾರತೀಯರು ಮಾಡಿದ ಭಾಷಣಗಳಲ್ಲಿ ಆರಂಭಕ್ಕಾಗಿಯೇ ಹೆಸರಾದದ್ದು 1893ರ ಸೆಪ್ಟೆಂಬರ್ 11ರ ಷಿಕಾಗೊ ಭಾಷಣ. ಅದರ ಹೆಸರುವಾಸಿ ಆರಂಭ ಶುದ್ಧ ಸಂಬೋಧನೆ: ಅಮೆರಿಕದವರನ್ನು ಸೋದರಿಯರೇ, ಸೋದರರೇ ಎಂದು ಕರೆದದ್ದು. ಸಂಬೋಧನೆ ಬೇಡ ಎನ್ನುವ ತರಗತಿಗಳೇ ಇದನ್ನು ಹುಕ್ಕಿನ ಉತ್ತಮ ಉದಾಹರಣೆಯೆಂದು ತೋರಿಸುತ್ತವೆ. ಆ ಮಾತಿನಲ್ಲಿ ವಿದ್ಯುತ್ತಿತ್ತು, ಸಭೆ ಎದ್ದು ನಿಂತಿತು ಎನ್ನುತ್ತಾರೆ. ಮಾತಿನಲ್ಲೇ ಅಂಥ ಮಂತ್ರವಿದ್ದಿದ್ದರೆ ಪ್ರತಿ ವರ್ಷ ಜನವರಿ 12ರಂದು ನಮ್ಮ ಶಾಲೆಗಳಲ್ಲಿ ಕಾವಿ ಪೇಟ ಕಟ್ಟಿಕೊಂಡು ಅದನ್ನೇ ಹೇಳುವ ನೂರಾರು ಮಕ್ಕಳಿಗೂ ಅದು ಫಲಿಸಬೇಕಿತ್ತು.

ವಿವೇಕಾನಂದರು ಆಮೇಲೆ ಏನು ಹೇಳಿದರು ಎಂಬುದನ್ನು ಓದುವವರು ಕಡಿಮೆ. ಅವರು ಧನ್ಯವಾದ ಹೇಳಿದರು. ಒಂದಲ್ಲ, ಮೂರು ಸಲ. ಜಗತ್ತಿನ ಅತಿ ಪ್ರಾಚೀನ ಸನ್ಯಾಸಿ ಪರಂಪರೆಯ ಪರವಾಗಿ, ಧರ್ಮಗಳ ತಾಯಿಯ ಪರವಾಗಿ, ಎಲ್ಲ ವರ್ಗ ಪಂಥಗಳ ಕೋಟ್ಯಂತರ ಹಿಂದೂಗಳ ಪರವಾಗಿ. ಅನಂತರ ತಮಗಿಂತ ಮೊದಲು ಅದೇ ವೇದಿಕೆಯಿಂದ ಮಾತಾಡಿದವರನ್ನು ನೆನೆದು ಅವರಿಗೂ ವಂದಿಸಿದರು, ಅವರಾಡಿದ್ದ ಒಂದು ಮಾತಿನಿಂದಲೇ ಸಹಿಷ್ಣುತೆಯ ಎಳೆ ಎತ್ತಿಕೊಂಡರು. ಧನ್ಯವಾದದಿಂದ ಶುರುಮಾಡಬೇಡಿ ಎಂಬ ನಿಯಮಕ್ಕೆ ಇದಕ್ಕಿಂತ ದೊಡ್ಡ ಉಲ್ಲಂಘನೆ ಬೇಕೇ? ಆ ಒಂದೊಂದು ವಂದನೆಯೂ ತಾನು ಯಾರ ಪರವಾಗಿ ನಿಂತಿದ್ದೇನೆ ಎಂದು ಹೇಳುತ್ತಿತ್ತು. ಐದು ನಿಮಿಷವೂ ಹಿಡಿಯದ ಆ ಭಾಷಣದ ವಾದ, ಬೇರೆ ಬೇರೆ ದಾರಿಗಳಲ್ಲಿ ನಡೆಯುವವರನ್ನು ನಮ್ಮವರೆಂದು ಒಪ್ಪಿಕೊಳ್ಳಬೇಕೆಂಬುದು, ಸೋದರರೇ ಎಂದು ಕರೆದಾಗಲೇ ಶುರುವಾಗಿತ್ತು. ಪೀಠಿಕೆ ಎಂದರೆ ಇದು. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳ್ ಅವರಿಗೆ ಆಮೇಲೆ ಬರೆದ ಕಾಗದದಲ್ಲಿ, ಉಳಿದವರು ಸಿದ್ಧಪಡಿಸಿಕೊಂಡ ಭಾಷಣ ತಂದಿದ್ದರು, ತನಗೆ ಎದೆ ಹೊಡೆದುಕೊಳ್ಳುತ್ತಿತ್ತು ಎಂದು ಸ್ವಾಮೀಜಿ ಹೇಳಿಕೊಂಡಿದ್ದಾರೆ. ಉಪಾಯ ಹೂಡಿಕೊಂಡು ನಿಂತವರ ಮಾತು ಅದಲ್ಲ.

ನಮ್ಮ ಸಭೆಗಳಲ್ಲಿ ಏಳು ಸಲ ಬರುವ ಆ ಪಟ್ಟಿ ಸತ್ತಿರುವುದು ಅದು ಸಂಬೋಧನೆ ಎಂಬ ಕಾರಣಕ್ಕಲ್ಲ. ಹೆಸರು ಕರೆಯುವವರ ಮನಸ್ಸಿನಲ್ಲಿ ಕರೆಸಿಕೊಳ್ಳುವವರ ಬಗ್ಗೆ ಏನೂ ಇಲ್ಲ, ಅದಕ್ಕೆ.

ಬೆಚ್ಚಿಬೀಳಿಸುವ ಅಂಕಿಗೆ ಇನ್ನೊಂದು ಉದಾಹರಣೆ ಕೊಡಬೇಕು, ಇದರಿಂದ ನಮ್ಮ ಊರಿಗೆ ನಷ್ಟವಾಗಿದೆ. ನೀತಿ ಆಯೋಗದ 2018ರ ವರದಿಯೊಂದು ಬೆಂಗಳೂರೂ ಸೇರಿ 21 ನಗರಗಳಲ್ಲಿ 2020ರ ಹೊತ್ತಿಗೆ ಅಂತರ್ಜಲ ಬರಿದಾಗುತ್ತದೆ ಎಂದಿತು. ಆ ಎರಡು ವರ್ಷ ನಾನು ಕೇಳಿದ ನೀರಿನ ಮೇಲಿನ ಭಾಷಣಗಳಲ್ಲಿ ಬಹುಪಾಲು ಶುರುವಾದದ್ದು ಆ ವಾಕ್ಯದಿಂದ. 2020 ಬಂತು, ಹೋಯಿತು. ಕೊಳವೆಬಾವಿಗಳಲ್ಲಿ ನೀರು ಇಳಿದಿತ್ತು, ಬರಿದಾಗಿರಲಿಲ್ಲ. 2024ರ ಬೇಸಿಗೆಯಲ್ಲಿ ನಿಜವಾದ ಬಿಕ್ಕಟ್ಟು ಬಂದು ಟ್ಯಾಂಕರುಗಳ ಮುಂದೆ ಸಾಲು ನಿಂತಾಗ, ನಮ್ಮ ಬೀದಿಯಲ್ಲೇ ಒಬ್ಬರು ‘ಇದನ್ನು ಆಗಲೇ ಹೇಳಿ ಹೆದರಿಸಿದ್ದರಲ್ಲ’ ಎಂದು ಕೈಕೊಡವಿದರು. ಹುಕ್ಕಿಗೆ ಒಮ್ಮೆ ಸಿಕ್ಕಿದ ಮೀನು ಎರಡನೆಯ ಸಲ ಸುಲಭಕ್ಕೆ ಕಚ್ಚುವುದಿಲ್ಲ.

ಅದೇ ವಿಷಯಕ್ಕೆ ಬೇರೆ ಆರಂಭ ಸಾಧ್ಯವಿತ್ತು. ಮೇಜಿನ ಮೇಲಿರುವ ಲೋಟದ ನೀರು ಶಿವನಸಮುದ್ರದ ಹತ್ತಿರ ಕಾವೇರಿಯಿಂದ ಎತ್ತಿದ್ದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ಕನಕಪುರ ರಸ್ತೆಯ ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರ ಕೊಳವೆಯಲ್ಲಿ ಹತ್ತಿಸಿ ತಂದದ್ದು. 1974ರಲ್ಲಿ ಮೊದಲ ಹಂತ ಬಂತು, 2024ರ ಅಕ್ಟೋಬರಿನಲ್ಲಿ ಐದನೆಯದು. ಇಷ್ಟನ್ನು ತಣ್ಣಗೆ ಹೇಳಿದರೆ ಸಾಕು. ಇದೂ ಒಂದು ಹುಕ್ ಅಲ್ಲವೇ ಎಂದು ಎದುರು ಪಕ್ಷದವರು ಕೇಳುತ್ತಾರೆಂದು ಗೊತ್ತಿದೆ. ಗಮನ ಸೆಳೆಯುವುದೆಲ್ಲ ಹುಕ್ ಎಂದಾದರೆ ಹೌದು, ಆದರೆ ಆಗ ಆ ಶಬ್ದದಿಂದ ವಿಮರ್ಶೆಗೆ ಏನೂ ಸಿಗುವುದಿಲ್ಲ. ಲೋಟದ ನೀರಿನ ದಾರಿ ಹೇಳಿದವನು ಮುಂದಿನ ಇಪ್ಪತ್ತು ನಿಮಿಷ ಅದೇ ದಾರಿಯಲ್ಲಿ ನಡೆಯಬೇಕು: ವಿದ್ಯುತ್ತಿನ ಖರ್ಚು, ನಡುವೆ ಸೋರುವ ನೀರು, ಮಂಡ್ಯದ ಗದ್ದೆ, ನಮ್ಮ ಕೆರೆಗಳು. ಆರಂಭವನ್ನು ತೆಗೆದರೆ ಭಾಷಣವೇ ಕುಸಿಯುತ್ತದೆ. 21 ನಗರಗಳ ವಾಕ್ಯವನ್ನು ತೆಗೆದರೆ ಏನೂ ಆಗುವುದಿಲ್ಲ. ಆ ಜಾಗಕ್ಕೆ ಇನ್ನೊಂದು ಭಯವನ್ನು ತಂದಿಡಬಹುದು. ನಾನು ಬಳಸುವ ಒರೆಗಲ್ಲು ಇಷ್ಟೇ.

ಇದೇ ಒರೆಗಲ್ಲಿಗೆ ನಮ್ಮ ಸ್ವಂತ ಹುಕ್ಕನ್ನೂ ತಿಕ್ಕಬೇಕು. ದಕ್ಷಿಣ ಬೆಂಗಳೂರಿನ ಕನ್ನಡ ಭಾಷಣಕ್ಕೆ ಕಗ್ಗವೇ ಹೆಬ್ಬಾಗಿಲು. ಗೃಹಪ್ರವೇಶವಾಗಲಿ, ನಿವೃತ್ತಿಯಾಗಲಿ, ಸಹಕಾರ ಸಂಘದ ಸರ್ವಸದಸ್ಯರ ಸಭೆಯಾಗಲಿ, ಮೊದಲು ಒಂದು ಪದ್ಯ. 1943ರಲ್ಲಿ ಬಂದ ಆ 945 ಪದ್ಯಗಳಲ್ಲಿ ಯಾವ ಸಂದರ್ಭಕ್ಕೂ ಒಂದು ಸಿಗುತ್ತದೆ ಎಂಬುದೇ ಅದಕ್ಕೆ ಶಾಪವಾಗಿದೆ. ಡಿ.ವಿ.ಜಿ. ಸಭೆಯ ಮಾತನ್ನು ಆಭರಣವೆಂದು ಬಗೆದವರಲ್ಲ. ನರಸಿಂಹರಾಜ ಕಾಲೊನಿಯಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದವರು ಅವರು. ನಾಲ್ಕು ಜನ ಕೂತು ಒಂದು ವಿಷಯವನ್ನು ಎಳೆ ಎಳೆಯಾಗಿ ಬಿಡಿಸಬೇಕು ಎಂಬುದು ಆ ಹೆಸರಿನಲ್ಲೇ ಇದೆ. ಅವರ ಪದ್ಯ ಹೇಳಿ ಚಪ್ಪಾಳೆ ಗಿಟ್ಟಿಸಿ, ಆ ಪದ್ಯ ಎತ್ತಿದ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬೇರೆ ಮಾತಿಗೆ ಹೊರಳುವುದು ಅವರಿಗೆ ಮಾಡುವ ಗೌರವವಲ್ಲ. ಪದ್ಯದಿಂದ ಶುರುಮಾಡುವವರು ಆ ಪದ್ಯದೊಡನೆ ಹೆಣಗುವುದಕ್ಕೂ ಸಿದ್ಧರಿರಬೇಕು.

ಹಾಗಾದರೆ ಆರಂಭವನ್ನು ಹೇಗೆ ಸಿದ್ಧಪಡಿಸಬೇಕು ಎಂದರೆ, ಸಿಸೆರೊ ತನ್ನ ಭಾಷಣಶಾಸ್ತ್ರದ ಸಂಭಾಷಣೆಯಲ್ಲಿ ಅನುಭವಿ ವಕೀಲನೊಬ್ಬನ ಬಾಯಲ್ಲಿ ಹೇಳಿಸಿದ ಮಾತು ಇದೆ: ಮೊದಲು ಹೇಳಬೇಕಾದ್ದನ್ನು ಕಟ್ಟಕಡೆಗೆ ಯೋಚಿಸುತ್ತೇನೆ, ಮೊದಲೇ ಯೋಚಿಸಿದಾಗಲೆಲ್ಲ ಸಪ್ಪೆ ಮಾತೇ ಸಿಕ್ಕಿದೆ ಎಂದು. ನಮ್ಮ ಮಕ್ಕಳು ಮಾಡುತ್ತಿರುವುದು ಇದರ ತಿರುವುಮುರುವು. ಓಪನಿಂಗ್ ಲೈನು ಹುಡುಕಲು ಮೂರು ದಿನ, ಉಳಿದದ್ದಕ್ಕೆ ಹಿಂದಿನ ರಾತ್ರಿ. ಅಂಕಪಟ್ಟಿ ಕೇಳುವುದೂ ಅದನ್ನೇ. ಐದು ನಿಮಿಷದ ಭಾಷಣದ ಆರಂಭ ಚೆನ್ನಾಗಿದೆಯೇ ಎಂಬುದು ಐದನೆಯ ನಿಮಿಷಕ್ಕೆ ಗೊತ್ತಾಗುವ ಸಂಗತಿ. ಅದಕ್ಕೆ ಮೊದಲ ಅರ್ಧ ನಿಮಿಷದಲ್ಲೇ ಅಂಕ ಹಾಕಿಸುವ ಕಾಲಂ ತೀರ್ಪುಗಾರರನ್ನೂ ಕೆಡಿಸುತ್ತದೆ. ನಾನು ಕೆಟ್ಟೆ.

ಆ ಹುಡುಗಿಯ ನಮಸ್ಕಾರಕ್ಕೆ ಮರಳುತ್ತೇನೆ. ತೀರ್ಪುಗಾರರಿಗೆ, ಅಧ್ಯಾಪಕರಿಗೆ, ಬೇರೆ ಶಾಲೆಗಳಿಂದ ಬಂದ ಗೆಳೆಯರಿಗೆ ಎಂದು ಹೇಳಿದ ಮೇಲೆ ಅವಳು ಸ್ವಲ್ಪ ತಡೆದು, ಬೆಳಗ್ಗೆ ಏಳಕ್ಕೇ ಬಂದು ಈ ಹಾಲ್ ಗುಡಿಸಿ ಕುರ್ಚಿ ಒರೆಸಿಟ್ಟ ಆಯಾಮ್ಮನವರಿಗೆ ನಮಸ್ಕಾರ ಎಂದಳು. ಮಕ್ಕಳಿಗೆ ಯಾರೋ ಹೇಳಿಕೊಟ್ಟ ಒಳ್ಳೆಯ ಮಾತು ಎಂದುಕೊಂಡು ನಾನು ನಾಲ್ಕು ಬರೆದು ಪೆನ್ನು ಕೆಳಗಿಟ್ಟಿದ್ದೆ. ಅವಳು ಹೈಕೋರ್ಟಿನ ಆದೇಶದಿಂದ ಬಂದ ‘ಎರಡು ಬುಟ್ಟಿ, ಒಂದು ಚೀಲ’ದ ನಿಯಮ ವಿವರಿಸಿದಳು. ಹಸಿ, ಒಣ, ಸ್ಯಾನಿಟರಿ ಎಂದು ನಾವು ಬೇರ್ಪಡಿಸದೆ ಕೊಟ್ಟ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಯಾರು ಎಂದು ಕೇಳಿದಳು. ನಮ್ಮ ಮನೆ ಬಾಗಿಲಿಗೆ ದಿನವೂ ಬರುವ ಪೌರಕಾರ್ಮಿಕರ ಹೆಸರು ತನಗೆ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ, ಕೇಳಿ ತಿಳಿದ ದಿನದಿಂದ ಅಮ್ಮ ಕಸ ಬೆರೆಸುವುದನ್ನು ನಿಲ್ಲಿಸಿದರು ಎಂದಳು. ಹೆಸರು ಗೊತ್ತಿರುವವರ ಕೈಗೆ ಗಾಜಿನ ಚೂರು ಕೊಡಲು ಮನಸ್ಸು ಬರುವುದಿಲ್ಲ ಎಂಬುದು ಅವಳ ವಾದ. ಅದಕ್ಕೇ ನಾನು ನಮಸ್ಕಾರದಲ್ಲಿ ಅವರನ್ನು ಸೇರಿಸಿದ್ದು ಎಂದು ಹೇಳಿ, ಈ ಸಲ ಆಯಾಮ್ಮನವರ ಹೆಸರನ್ನೇ ಕರೆದು, ಕೈ ಮುಗಿದು ಇಳಿದಳು. ಬಾಗಿಲ ಹತ್ತಿರ ನಿಂತಿದ್ದ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪಕ್ಕಕ್ಕೆ ತಿರುಗಿದೆ. ಹಾಳೆಗಳನ್ನು ಆಗಲೇ ಒಯ್ದಿದ್ದರು. ಅವಳೇ ಕೊನೆಯ ಸ್ಪರ್ಧಿ. ಎದ್ದು ಕಚೇರಿ ಕೋಣೆಗೆ ಹೋಗಿ, ಒಂದು ಕಡೆ ನಾಲ್ಕನ್ನು ತಿದ್ದಬೇಕಿದೆ, ಹಾಳೆ ಕೊಡಿ ಎಂದು ಕೇಳಿದೆ. ಮೂರನೆಯ ಬಹುಮಾನ ಅವಳಿಗೆ ಎರಡು ಅಂಕದಲ್ಲಿ ತಪ್ಪಿತ್ತು. ‘ಟೋಟಲ್ ಆಗಿಹೋಗಿದೆ ಸಾರ್’ ಎಂದರು ಅಲ್ಲಿದ್ದ ಮೇಷ್ಟ್ರು, ‘ಸರ್ಟಿಫಿಕೇಟಿನಲ್ಲಿ ಹೆಸರೂ ಬರೆದಾಗಿದೆ.’